ಮೀನಾದ ದುಂಬಿ

ರೆಡ್‌ವುಡ್ ಸಿಟಿಯಲ್ಲಿ ಮನೆ ಕೊಂಡ ಮೊದಲ ವರ್ಷ ನಾನೊಂದು ಸಂಸಾರವನ್ನು ಹಾಳು ಮಾಡಿದೆ. ಹಿತ್ತಲ ಬೇಲಿಯ ಬುಡದಲ್ಲಿದ್ದ ಹಳೆಯ ಇಲಿ ಬಿಲದಿಂದ ಕಪ್ಪನೆಯ, ಮೈತುಂಬ ರೋಮದ ಹುಳುಗಳು ಒಂದೊಂದಾಗಿ ಹೊರಬರುತ್ತಿದ್ದವು. ಮಗಳು ಆಗ ಬರಿಗಾಲಲ್ಲಿ ಓಡಾಡುವ ವಯಸ್ಸಿನವಳು. ಅಂಗಡಿಯಿಂದ ಔಷಧಿ ತಂದು ಒಂದು ಸಂಜೆ ಬಿಲದೊಳಕ್ಕೆ ಹೊಡೆದೆ. ಬೆಳಿಗ್ಗೆ ಸದ್ದಿರಲಿಲ್ಲ. ಆ ಬೇಸಿಗೆಯಲ್ಲಿ ಟೊಮೆಟೊ ಗಿಡಗಳು ಹೂವೇನೋ ಬಿಟ್ಟವು, ಕಾಯಿ ಮಾತ್ರ ಬೆರಳೆಣಿಕೆಯಷ್ಟು. ಎರಡಕ್ಕೂ ಸಂಬಂಧವಿತ್ತೆಂದು ಪ್ರಮಾಣ ಮಾಡಿ ಹೇಳಲಾರೆ. ಸಾಕ್ಷ್ಯವಿಲ್ಲದ ಲೆಕ್ಕಕ್ಕೆ ಸಹಿ ಹಾಕುವ ಅಭ್ಯಾಸ ನನಗಿಲ್ಲ. ಆದರೆ ಕೊಂದದ್ದು ಯಾರನ್ನು ಎಂದು ಹುಡುಕತೊಡಗಿದ್ದು ಅಲ್ಲಿಂದಲೇ.

ಅದು ಬಂಬಲ್‌ಬೀ. ನಮ್ಮೂರ ಕಡೆ ದುಂಬಿ ಎಂದರೆ ಮನೆಯ ತೊಲೆ ಕೊರೆಯುವ ಬಡಗಿ ದುಂಬಿ, ಇದು ಬೇರೆ. ಭಾರತದಲ್ಲಿ ಬಂಬಲ್‌ಬೀಗಳಿರುವುದು ಹಿಮಾಲಯದ ಸೀಮೆಯಲ್ಲಿ, ಕರ್ನಾಟಕದಲ್ಲಿ ಇಲ್ಲ. ಹೀಗಾಗಿ ಅದಕ್ಕೆ ಕನ್ನಡದ ಹೆಸರೂ ಇಲ್ಲ. ನಾನು ದುಂಬಿ ಎಂದೇ ಕರೆಯುತ್ತೇನೆ.

ನನ್ನ ಹಿತ್ತಲಿನದಕ್ಕೆ ಹಳದಿ ಮುಖ, ಹೊಟ್ಟೆಯ ತುದಿಯ ಹತ್ತಿರ ಒಂದು ಹಳದಿ ಪಟ್ಟೆ. ವಿಜ್ಞಾನದಲ್ಲಿ ಅದರ ಹೆಸರು ಬಾಂಬಸ್ ವೊಸ್ನೆಸೆನ್ಸ್ಕಿಐ. ಕ್ಯಾಲಿಫೋರ್ನಿಯಾದ ದುಂಬಿಗೆ ರಷ್ಯನ್ನನ ಹೆಸರೇಕೆ? ಇಲ್ಯಾ ವೊಜ್ನೆಸೆನ್ಸ್ಕಿ ಸೇಂಟ್ ಪೀಟರ್ಸ್‌ಬರ್ಗಿನ ವಿಜ್ಞಾನ ಅಕಾಡೆಮಿಯ ಸಂಗ್ರಹಾಲಯದಲ್ಲಿ ಸಹಾಯಕನಾಗಿದ್ದವ. 1840ರಲ್ಲಿ, ಇಪ್ಪತ್ನಾಲ್ಕರ ಹರೆಯದಲ್ಲಿ, ಇಲ್ಲಿಂದ ಉತ್ತರಕ್ಕಿರುವ ರಷ್ಯನ್ನರ ಫೋರ್ಟ್ ರಾಸ್‌ಗೆ ಬಂದಿಳಿದ. ಆಗ ಈ ನಾಡು ಮೆಕ್ಸಿಕೋದ್ದು. ಚಿನ್ನದ ಗದ್ದಲಕ್ಕೆ ಇನ್ನೂ ಎಂಟು ವರ್ಷ. ಸುಮಾರು ಒಂದು ವರ್ಷ ಈ ಸೀಮೆಯೆಲ್ಲ ಅಲೆದು ಗಿಡ, ಹಕ್ಕಿ, ಹುಳು ಕೂಡಿಸಿದ. 1862ರಲ್ಲಿ ಕೀಟಗಳ ಹುಚ್ಚಿದ್ದ ರಾಡೊಷ್ಕೊವ್ಸ್ಕಿ ಎಂಬ ಸೇನಾಧಿಕಾರಿ ಈ ದುಂಬಿಯನ್ನು ವರ್ಣಿಸಿ ವೊಜ್ನೆಸೆನ್ಸ್ಕಿಯ ಹೆಸರಿಟ್ಟ. ರೆಡ್‌ವುಡ್ ಸಿಟಿ ಪುರಸಭೆಯಾದದ್ದು 1867ರಲ್ಲಿ. ನಮ್ಮ ಊರಿಗಿಂತ ಹಳೆಯ ದಾಖಲೆ ಈ ದುಂಬಿಯದು.

ಜೇನುನೊಣವೋ, ನಮ್ಮ ಹಾಗೆ ವಲಸೆ ಬಂದದ್ದು. ಸ್ಯಾನ್ ಹೋಸೆ ವಿಮಾನ ನಿಲ್ದಾಣದಲ್ಲಿ ಅದರ ಸ್ಮಾರಕ ಫಲಕವಿದೆ: 1853ರ ಮಾರ್ಚಿನಲ್ಲಿ ಕ್ರಿಸ್ಟೋಫರ್ ಶೆಲ್ಟನ್ ಎಂಬಾತ ಹನ್ನೆರಡು ಗೂಡು ಕೊಂಡು ರೈಲು, ಹೇಸರಗತ್ತೆ, ಹಡಗಿನಲ್ಲಿ ಸಾಗಿಸಿದ, ಉಳಿದ ನೊಣಗಳು ಒಂದೇ ಗೂಡಿಗಾಗುವಷ್ಟು. ಮರುತಿಂಗಳೇ ಶೆಲ್ಟನ್ ಹಡಗಿನ ಸ್ಫೋಟದಲ್ಲಿ ಸತ್ತ, ಗೂಡು ಮಾತ್ರ ಬೆಳೆಯಿತು. ವಲಸೆ ಬಂದ ಜೇನಿಗೆ ಫಲಕವಾಯಿತು. ಇಲ್ಲೇ ಹುಟ್ಟಿದ ದುಂಬಿಗೆ ಅಂಥದ್ದೊಂದನ್ನು ನಾನು ಕಂಡಿಲ್ಲ.

ಟೊಮೆಟೊ ವಿಷಯದಲ್ಲಿ ಆ ಜೇನು ದಡ್ಡ. ಟೊಮೆಟೊ ಹೂವಿನ ಪರಾಗ ಉಪ್ಪಿನ ಡಬ್ಬಿಯಲ್ಲಿದ್ದಂತೆ, ಅಲ್ಲಾಡಿಸಿದರೆ ಉದುರುತ್ತದೆ. ದುಂಬಿ ಹೂವನ್ನು ಕಚ್ಚಿ ಹಿಡಿದು, ರೆಕ್ಕೆ ಬಡಿಯದೆ ರೆಕ್ಕೆಯ ಸ್ನಾಯುಗಳನ್ನಷ್ಟೇ ಅದುರಿಸುತ್ತದೆ. ಝುಂಯ್ ಎನ್ನುವ ಸದ್ದಿಗೆ ಪರಾಗ ಮೈಮೇಲೆ ಸುರಿಯುತ್ತದೆ. ಬದನೆ ಹೂವಿಗೂ ಇದೇ ಉಪಚಾರ ಬೇಕು. ಊರಿನಲ್ಲಿ ಅದನ್ನು ಬಡಗಿ ದುಂಬಿಯೂ ಮಾಡುತ್ತದೆ. ಯುರೋಪಿನ ಗಾಜಿನ ಮನೆಗಳಲ್ಲಿ ಕೂಲಿಗಳು ಅದುರುವ ಕೋಲು ಹಿಡಿದು ಹೂಗೊಂಚಲುಗಳನ್ನು ಒಂದೊಂದಾಗಿ ಮುಟ್ಟಬೇಕಿತ್ತು. 1980ರ ದಶಕದ ಕೊನೆಯಲ್ಲಿ ಬೆಲ್ಜಿಯಂ, ನೆದರ್ಲೆಂಡ್ಸ್‌ಗಳಲ್ಲಿ ದುಂಬಿ ಗೂಡುಗಳನ್ನು ಸಾಕಿ ಮಾರುವ ವ್ಯಾಪಾರ ಶುರುವಾಯಿತು.

ನಷ್ಟದ ಲೆಕ್ಕ ಇಲ್ಲಿಂದ ತೆರೆಯುತ್ತದೆ. 1990ರ ದಶಕದ ಮೊದಲಿನಲ್ಲಿ ಅಮೆರಿಕದ ರಾಣಿ ದುಂಬಿಗಳನ್ನೂ ಯುರೋಪಿಗೆ ಒಯ್ದು ಸಾಕಿಸಿ, ಗೂಡುಗಳನ್ನು ಮರಳಿ ತಂದರು. ಜೊತೆಗೆ ರೋಗವೂ ಬಂದಿರಬೇಕೆಂದು ಡೇವಿಸ್ ವಿಶ್ವವಿದ್ಯಾಲಯದ ರಾಬಿನ್ ಥಾರ್ಪ್ ಶಂಕಿಸಿದರು. ಅದು ಪೂರ್ತಿ ಸಾಬೀತಾಗಿಲ್ಲ. ಆದರೆ ಆ ದಶಕದ ಕೊನೆಯಿಂದ ಪಶ್ಚಿಮದ ದುಂಬಿ ಎಂಬ ಜಾತಿ, ಒಮ್ಮೆ ಈ ಕರಾವಳಿಯಲ್ಲಿ ಧಾರಾಳವಾಗಿದ್ದದ್ದು, ಬಯಲಿನಿಂದ ಮಾಯವಾಗುತ್ತ ಬಂತು. ಆರೆಗಾನ್ ಗಡಿಯ ಆಸುಪಾಸಿನಲ್ಲಷ್ಟೇ ಇದ್ದ ಫ್ರಾಂಕ್ಲಿನ್ ದುಂಬಿಯನ್ನು ಥಾರ್ಪ್ ಕೊನೆಯ ಸಲ ಕಂಡದ್ದು 2006ರಲ್ಲಿ, ಆಶ್‌ಲ್ಯಾಂಡ್ ಬೆಟ್ಟದ ಮೇಲೆ. ಆಮೇಲೂ ವರ್ಷ ವರ್ಷ ಬಲೆ ಹಿಡಿದು ಹತ್ತಿದರು. ಮತ್ತೆ ಕಾಣದೆಯೇ 2019ರಲ್ಲಿ ತೀರಿಕೊಂಡರು.

2018ರಲ್ಲಿ ಝರ್ಕ್ಸೀಸ್ ಸೊಸೈಟಿ ಮುಂತಾದವರು ಇವೆರಡೂ ಸೇರಿ ನಾಲ್ಕು ಜಾತಿಯ ದುಂಬಿಗಳಿಗೆ ರಾಜ್ಯದ ರಕ್ಷಣೆ ಕೋರಿದರು. ತೊಡಕೆಂದರೆ, ಕ್ಯಾಲಿಫೋರ್ನಿಯಾದ ಕಾಯಿದೆಯ ಪಟ್ಟಿಯಲ್ಲಿ ಹಕ್ಕಿ, ಪ್ರಾಣಿ, ಮೀನು, ಕಪ್ಪೆ, ಹಾವು, ಗಿಡ ಇವೆ, ಕೀಟವಿಲ್ಲ. ಬಾದಾಮಿ ಬೆಳೆಗಾರರು ಕೋರ್ಟಿಗೆ ಹೋಗಿ ಗೆದ್ದರು. ಆದರೆ 1969ರಲ್ಲೇ ಶಾಸಕರು 'ಮೀನು' ಪದದ ವ್ಯಾಖ್ಯೆಗೆ ಬೆನ್ನೆಲುಬಿಲ್ಲದ ಜೀವಿಗಳನ್ನೂ ಸೇರಿಸಿದ್ದರು. ಅದನ್ನು ಹಿಡಿದು 2022ರ ಮೇ 31ರಂದು ಮೇಲ್ಮನವಿ ನ್ಯಾಯಾಲಯ ತೀರ್ಪು ಕೊಟ್ಟಿತು: ಈ ಕಾಯಿದೆಯ ಮಟ್ಟಿಗೆ ದುಂಬಿಯೂ ಮೀನು. ಪತ್ರಿಕೆಗಳು ನಕ್ಕವು. ನನಗೆ ನಗು ಬರಲಿಲ್ಲ. ನಮ್ಮ ಆದಾಯ ತೆರಿಗೆ ಕಾಯಿದೆಯಲ್ಲಿ 'ವ್ಯಕ್ತಿ' ಎಂದರೆ ಕಂಪನಿಯೂ ಹೌದು, ಹಿಂದೂ ಅವಿಭಕ್ತ ಕುಟುಂಬವೂ ಹೌದು ಎಂದು ಉರುಹೊಡೆದು ಸಿ.ಎ. ಮುಗಿಸಿದವನಿಗೆ ಮೀನಿನಲ್ಲಿ ದುಂಬಿ ಕಾಣುವುದು ಕಷ್ಟವೇನಲ್ಲ.

ನನ್ನ ಹಳದಿ ಮುಖದ ದುಂಬಿ ಆ ನಾಲ್ಕರಲ್ಲಿಲ್ಲ, ಈಗಲೂ ಸಾಕಷ್ಟಿದೆ. ಪಶ್ಚಿಮದ ದುಂಬಿಯೂ ಒಮ್ಮೆ ಸಾಕಷ್ಟಿತ್ತು.

ಫೆಬ್ರವರಿಯಲ್ಲಿ ರಾಣಿಗಳು ಎದ್ದು, ನೆಲಕ್ಕೆ ಒಂದು ಗೇಣು ಮೇಲೆ ಹಾರಾಡುತ್ತ ಬಿಲ ಹುಡುಕುತ್ತವೆ. ಗೂಡಿನ ಉಳಿದವರೆಲ್ಲ ಹಿಂದಿನ ಶರತ್ಕಾಲದೊಳಗೇ ಸತ್ತಿರುತ್ತಾರೆ. ಮುಂದಿನ ಸಂಸಾರವೆಲ್ಲ ಆ ಒಬ್ಬಳಿಂದ. ಬೇಲಿ ಬುಡದ ಬಿಲವನ್ನು ನಾನು ಮುಚ್ಚಿಲ್ಲ. ಹಲವು ವರ್ಷ ಖಾಲಿ ಬಿದ್ದಿತ್ತು. ಈ ಸಲ ಒಂದು ರಾಣಿ ಬಂದು, ಬಾಯಲ್ಲಿ ಸುತ್ತಾಡಿ, ಒಳಗೆ ಹೋದಳು. ಮಗಳನ್ನು ಕರೆದೆ. ಈಗ ಅವಳು ನನ್ನೆತ್ತರ. ಇಬ್ಬರೂ ಒದ್ದೆ ಹುಲ್ಲಿನ ಮೇಲೆ ಕೂತು ಕಾದೆವು. ಹತ್ತು ನಿಮಿಷವಾದರೂ ರಾಣಿ ಹೊರಗೆ ಬರಲಿಲ್ಲ.