ವಿಲನ್ ಅಂದರೆ ಹಳ್ಳಿಯ ರೈತ!

ವಿಲನ್ ಅಂದ ಕೂಡಲೇ ನಿಮಗೆ ಯಾರು ನೆನಪಾಗುತ್ತಾರೋ, ನನಗಂತೂ ವಜ್ರಮುನಿಯೇ. ಕೆಂಪು ಕಣ್ಣು, ಗುಡುಗಿನಂಥ ದನಿ, ಊರವರನ್ನೆಲ್ಲ ನಡುಗಿಸುವ ಜಮೀನ್ದಾರ... ಆದರೆ ಈ ಪದದ ಜಾತಕ ತೆಗೆದು ನೋಡಿದರೆ ಕಥೆ ಪೂರ್ತಿ ಉಲ್ಟಾ ಇದೆ. ಮೂಲದಲ್ಲಿ ವಿಲನ್ ಅಂದರೆ ಜಮೀನ್ದಾರನಲ್ಲ, ಜಮೀನ್ದಾರನ ಹೊಲದಲ್ಲಿ ಬೆವರು ಸುರಿಸಿದವನು!

ಹಳೆಯ ಇಂಗ್ಲಿಷ್ ಪದಗಳ ಹುಟ್ಟೂರು ಹುಡುಕುವುದು ನನಗೆ ಮೊದಲಿಂದಲೂ ಒಂಥರಾ ಹುಚ್ಚು. ಹಾಗೆ ಹುಡುಕುವಾಗ ಒಂದೇ ದಾರಿಯಲ್ಲಿ ಜಾರಿ ಬಿದ್ದ ಪದಗಳ ದೊಡ್ಡ ಗುಂಪೇ ಸಿಕ್ಕಿತು. ಅವುಗಳ ಬಗ್ಗೆ ಈ ಬರಹ.

ಲ್ಯಾಟಿನ್ ಭಾಷೆಯಲ್ಲಿ 'ವಿಲ್ಲಾ' ಅಂದರೆ ಹೊಲಗದ್ದೆಗಳ ನಡುವಿನ ದೊಡ್ಡ ಮನೆ, ಒಂಥರಾ ಎಸ್ಟೇಟು. ಆ ಎಸ್ಟೇಟಿಗೆ ಸೇರಿದ ಆಳು 'ವಿಲ್ಲಾನುಸ್'. 1066ರಲ್ಲಿ ನಾರ್ಮಂಡಿಯ ವಿಲಿಯಂ ಇಂಗ್ಲೆಂಡನ್ನು ಗೆದ್ದುಕೊಂಡ ಮೇಲೆ ಅಲ್ಲಿನ ಒಡೆಯರೆಲ್ಲ ಫ್ರೆಂಚ್ ಮಾತಾಡುವವರಾದರು. ಅವರ ಜೊತೆಯಲ್ಲೇ ಈ ಪದವೂ ಬಂತು. 1086ರಲ್ಲಿ ವಿಲಿಯಂ ತನ್ನ ರಾಜ್ಯದಲ್ಲಿ ಯಾರ ಹತ್ತಿರ ಎಷ್ಟು ಭೂಮಿ, ಎಷ್ಟು ನೇಗಿಲು ಇದೆ ಎಂದು ಲೆಕ್ಕ ಬರೆಸಿದ. ಅದೇ ಹೆಸರುವಾಸಿಯಾದ ಡೂಮ್ಸ್‌ಡೇ ಬುಕ್. ಆ ಲೆಕ್ಕದಲ್ಲಿ ಕಾಣುವ ಜನರಲ್ಲಿ ಎಲ್ಲಕ್ಕಿಂತ ದೊಡ್ಡ ಗುಂಪು ಈ ವಿಲ್ಲಾನುಸ್‌ಗಳದ್ದೇ.

ಮುಂದಿನ ಕಾಲದಲ್ಲಿ ಇವರ ಪಾಡು ಇನ್ನೂ ಬಿಗಿಯಾಯಿತು. ಒಡೆಯನ ಹೊಲದಲ್ಲಿ ಬಿಟ್ಟಿ ಚಾಕರಿ ಮಾಡಬೇಕು. ಅವನ ಅಪ್ಪಣೆಯಿಲ್ಲದೆ ಊರು ಬಿಡುವಂತಿಲ್ಲ. ಮಗಳ ಮದುವೆ ಮಾಡಬೇಕಾದರೂ ಒಡೆಯನಿಗೆ 'ಮರ್ಚೆಟ್' ಅನ್ನುವ ಶುಲ್ಕ ಕಟ್ಟಬೇಕು!

1348-49ರ ಪ್ಲೇಗಿನಲ್ಲಿ ಅಪಾರ ಜನ ಸತ್ತು ಆಳುಗಳಿಗೆ ಬರ ಬಂತು. ಸಹಜವಾಗಿ ಕೂಲಿ ಏರಬೇಕಿತ್ತು. ಆದರೆ 1351ರಲ್ಲಿ ಕೂಲಿ ಏರದಂತೆ ಕಾನೂನನ್ನೇ ಮಾಡಿದರು. ಅದರ ಮೇಲೆ ತಲೆಗಂದಾಯ ಬೇರೆ. 1381ರಲ್ಲಿ ರೈತರು ದಂಗೆ ಎದ್ದು ಲಂಡನ್ನಿಗೇ ನುಗ್ಗಿದರು. ಈ ಜೀತ ನಿಲ್ಲಬೇಕು ಅನ್ನುವುದು ಅವರ ಮುಖ್ಯ ಬೇಡಿಕೆ. 14 ವರ್ಷದ ರಾಜ ಎರಡನೇ ರಿಚರ್ಡ್ ಆಗಲಿ ಎಂದು ಮಾತು ಕೊಟ್ಟ. ಆದರೆ ಮರುದಿನವೇ ರೈತರ ನಾಯಕ ವಾಟ್ ಟೈಲರ್‌ನನ್ನು ಸ್ಮಿತ್‌ಫೀಲ್ಡ್‌ನಲ್ಲಿ ಕೊಂದರು. ರಾಜ ಕೊಟ್ಟ ಮಾತನ್ನು ವಾಪಸು ಪಡೆದ. ನೀವು ಹಳ್ಳಿಯ ಆಳುಗಳು, ಹಾಗೆಯೇ ಉಳಿಯುತ್ತೀರಿ ಎಂಬರ್ಥದ ಮಾತನ್ನು ಅವನು ಆಡಿದ ಎಂದು ಆ ಕಾಲದ ಚರಿತ್ರೆಕಾರ ಥಾಮಸ್ ವಾಲ್ಸಿಂಗ್‌ಹ್ಯಾಮ್ ಬರೆದಿಟ್ಟಿದ್ದಾನೆ.

ಮುಂದಿನ ಒಂದೆರಡು ಶತಮಾನಗಳಲ್ಲಿ ಆ ಜೀತವೇನೋ ಕರಗಿಹೋಯಿತು. ಆದರೆ ಪದ ಮಾತ್ರ ಬೈಗುಳವಾಗಿ ಉಳಿಯಿತು! ಹಳ್ಳಿಯವನು, ಅಂದರೆ ಒರಟ, ಅಂದರೆ ನೀಚ, ಅಂದರೆ ದುಷ್ಟ... ಹೀಗೆ ಒಂದೊಂದೇ ಮೆಟ್ಟಿಲು ಇಳಿಯುತ್ತಾ 19ನೇ ಶತಮಾನದ ಹೊತ್ತಿಗೆ ನಾಟಕ, ಕಾದಂಬರಿಗಳ ಕೇಡಿಗನ ಹೆಸರಾಯಿತು. ಅಲ್ಲಿಂದ ಸಿನಿಮಾ, ಸಿನಿಮಾದಿಂದ ವಜ್ರಮುನಿ.

ಇದು ಒಂದೇ ಪದದ ಕಥೆಯಾಗಿದ್ದರೆ ಆಕಸ್ಮಿಕ ಅನ್ನಬಹುದಿತ್ತು. ಆದರೆ ನಾರ್ಮನ್ನರಿಗಿಂತ ಮುಂಚಿನ ಇಂಗ್ಲೆಂಡಿನಲ್ಲಿ ಸ್ವತಂತ್ರ ರೈತನಿಗೆ 'ಚೆಯೊರ್ಲ್' ಅನ್ನುತ್ತಿದ್ದರು. ಈಗ ಅದು 'ಚರ್ಲ್', ಅಂದರೆ ಒರಟ, ಸಿಡುಕ. ಡಚ್ ಭಾಷೆಯ 'ಬೂರ್' ಅಂದರೆ ರೈತ. ದಕ್ಷಿಣ ಆಫ್ರಿಕಾದ ಬೋಯರ್ ಜನರ ಹೆಸರೂ ಅದೇ. ಇಂಗ್ಲಿಷಿನಲ್ಲಿ 'ಬೂರ್' ಅಂದರೆ ನಯವಿನಯ ಇಲ್ಲದವನು.

ಇನ್ನೊಂದು ಜೋಡಿ ನನಗೆ ತುಂಬಾ ಇಷ್ಟ. ಹಳೆಯ ಇಂಗ್ಲಿಷಿನಲ್ಲಿ 'ಕ್ನಾಫಾ' ಅಂದರೂ ಹುಡುಗ, 'ಕ್ನಿಖ್ಟ್' ಅಂದರೂ ಹುಡುಗ. ಎರಡೂ ಪದ ಮುಂದೆ 'ಕೆಲಸದ ಹುಡುಗ' ಎಂದಾದವು. ಎರಡನೆಯವನು ಕುದುರೆ ಹತ್ತಿ ರಾಜನ ಸೇವೆಗೆ ಹೋದ, 'ನೈಟ್' ಆದ, ಹೆಸರಿನ ಮುಂದೆ ಸರ್ ಬಂತು. ಮೊದಲನೆಯವನು ಮನೆಗೆಲಸದಲ್ಲೇ ಉಳಿದ, 'ನೇವ್' ಆದ, ಅಂದರೆ ಠಕ್ಕ! ಇಸ್ಪೀಟಿನ ಜಾಕ್‌ಗೂ ಇಂಗ್ಲಿಷಿನಲ್ಲಿ ನೇವ್ ಅನ್ನುತ್ತಾರೆ. ನಾವು ಅದೇ ಎಲೆಗೆ ಗುಲಾಮ ಅನ್ನುತ್ತೇವಲ್ಲ, ಆ 'ಗುಲಾಮ್' ಪದಕ್ಕೆ ಅರಬ್ಬಿಯಲ್ಲಿ ಮೂಲ ಅರ್ಥ ಏನು ಗೊತ್ತಾ? ಹುಡುಗ!

ಹಾಗಾದರೆ ಮೇಲಿದ್ದವರ ಪದಗಳು? 'ಲಾರ್ಡ್' ಮೊದಲು 'ಹ್ಲಾಫ್-ವೆಯರ್ಡ್', ಅಂದರೆ ರೊಟ್ಟಿ ಕಾಯುವವನು. 'ಲೇಡಿ' ಅಂದರೆ ರೊಟ್ಟಿಗೆ ಹಿಟ್ಟು ನಾದುವವಳು. ಅವರ ಮನೆಯ ಆಳು 'ಹ್ಲಾಫ್-ಆಟಾ', ರೊಟ್ಟಿ ತಿನ್ನುವವನು. ಕ್ರಿ.ಶ. 600ರ ಸುಮಾರಿನ ಕೆಂಟ್‌ನ ರಾಜ ಎಥೆಲ್ಬರ್ಟ್‌ನ ಕಾನೂನಿನಲ್ಲಿ, ಒಬ್ಬ ರೈತನ ಮನೆಯ ಹ್ಲಾಫ್-ಆಟಾನನ್ನು ಕೊಂದರೆ 6 ಶಿಲ್ಲಿಂಗ್ ದಂಡ. ನಮ್ಮ ಹಳಗನ್ನಡದ 'ಜೋಳವಾಳಿ' ನೆನಪಾಯಿತೇ? ಒಡೆಯ ಕೊಟ್ಟ ಜೋಳದ ಋಣಕ್ಕೆ ಪ್ರಾಣ ಕೊಡುವುದು. ಅನ್ನ ಕೊಟ್ಟವನೇ ಒಡೆಯ ಅನ್ನುವುದು ಎರಡೂ ಕಡೆ ಒಂದೇ. ರೊಟ್ಟಿ ಕಾಯುವವನು, ಹಿಟ್ಟು ನಾದುವವಳು ಏರುತ್ತಾ ಹೋಗಿ ಲಾರ್ಡು ಲೇಡಿಯರಾದರು. ಗೋಧಿ ಬೆಳೆದವನು ಚರ್ಲ್ ಆದ.

ಹೆಂಗಸರ ಪದಗಳದ್ದೂ ಇದೇ ಗತಿ. 'ಹೌಸ್‌ವೈಫ್' ಅನ್ನುವುದನ್ನೇ ಬೇಗ ಬೇಗ ಹೇಳಿ 'ಹಸ್ಸಿ' ಆಗಿ, ಆಮೇಲೆ ಅದು ನಡತೆಗೆಟ್ಟವಳಿಗೆ ಬೈಗುಳವಾಯಿತು. 'ಸ್ಪಿನ್‌ಸ್ಟರ್' ಅಂದರೆ ನೂಲುವವಳು. ದುಡಿದು ತಿನ್ನುವ ಹೆಣ್ಣಿನ ಕಸುಬಿನ ಹೆಸರು ಕಾಗದಪತ್ರಗಳಲ್ಲಿ ಮದುವೆಯಾಗದವಳು ಎಂದಾಗಿ, ಕಡೆಗೆ ಕೊಂಕುಮಾತಾಯಿತು. ಇಂಗ್ಲೆಂಡಿನ ಮದುವೆ ರಿಜಿಸ್ಟರುಗಳಿಂದ ಆ ಪದ ಹೋದದ್ದು 2005ರಲ್ಲಿ!

ಒಳ್ಳೆಯ ಗುಣಗಳ ಹೆಸರು ಎಲ್ಲಿಂದ ಬಂದವು ನೋಡಿ. 'ಜೆಂಟಲ್' ಅಂದರೆ ಒಳ್ಳೆಯ ಕುಲದಲ್ಲಿ ಹುಟ್ಟಿದವನು, 'ಕರ್ಟಿಯಸ್' ಅಂದರೆ ಆಸ್ಥಾನದವನು, 'ಅರ್ಬೇನ್' ಅಂದರೆ ಪಟ್ಟಣದವನು. ಬರೆಯಲು ಬರುತ್ತಿದ್ದದ್ದು ಮಠದಲ್ಲಿ, ಆಸ್ಥಾನದಲ್ಲಿ ಇದ್ದವರಿಗೆ. ಹೊಲ ಉತ್ತವನು ಪಟ್ಟಣದವರ ಬಗ್ಗೆ ಏನು ಬೈದುಕೊಳ್ಳುತ್ತಿದ್ದನೋ, ಅದನ್ನು ಬರೆದಿಡುವವರು ಯಾರಿದ್ದರು?

ಇಂಗ್ಲಿಷರನ್ನು ನೋಡಿ ನಗುವ ಮುಂಚೆ ನಮ್ಮ ಕಡೆಗೂ ಸ್ವಲ್ಪ ನೋಡಿಕೊಳ್ಳಬೇಕು. ನಗರದಿಂದ 'ನಾಗರಿಕ' ಬಂತು, ಗ್ರಾಮದಿಂದ 'ಗ್ರಾಮ್ಯ' ಬಂತು. ಕಾವ್ಯಶಾಸ್ತ್ರದಲ್ಲಿ ಗ್ರಾಮ್ಯ ಅನ್ನುವುದು ಒಂದು ದೋಷ. ಅದೇ ಗ್ರಾಮ ಹಿಂದಿಯ 'ಗಂವಾರ್' ಆಗಿ ನಮ್ಮಲ್ಲಿಗೆ 'ಗಮಾರ' ಆಗಿ ಬಂತು. ನಾನು ಶಾಲೆಯಲ್ಲಿದ್ದಾಗ ಕನ್ನಡ ಪರೀಕ್ಷೆಯಲ್ಲಿ 'ಗ್ರಾಮ್ಯ ಪದಗಳಿಗೆ ಗ್ರಂಥಸ್ಥ ರೂಪ ಬರೆಯಿರಿ' ಎಂಬ ಪ್ರಶ್ನೆ ಇರುತ್ತಿತ್ತು. ಬ್ಯಾಡ ಇದ್ದದ್ದು ಬೇಡ, ಮ್ಯಾಲೆ ಇದ್ದದ್ದು ಮೇಲೆ. ನಮ್ಮಜ್ಜ ಜೀವನಪೂರ್ತಿ ಆಡಿದ ಮಾತನ್ನು ತಿದ್ದಿ ನಾನು ಅಂಕ ತೆಗೆದುಕೊಂಡಿದ್ದೇನೆ. ಎರಡೂ ಕನ್ನಡವೇ ಎಂದು ಆಗ ಯಾರೂ ಹೇಳಲಿಲ್ಲ.

ಇನ್ನು ಮುಂದೆ ಯಾರಾದರೂ ನಿಮ್ಮನ್ನು ಹಳ್ಳಿ ಗಮಾರ ಅಂದರೆ ಬೇಜಾರು ಮಾಡಿಕೊಳ್ಳಬೇಡಿ. ಅವರು ತಿನ್ನುವ ಅನ್ನ ಯಾರು ಬೆಳೆದದ್ದು ಅಂತ ಒಂದು ಮಾತು ಕೇಳಿ, ಸಾಕು.