ಲಗ್ನದವರೆಗೆ ನಿಲ್ಲುವ ಹಲ್ಲು

ಮುಂದಿನ ಹಲ್ಲು ಹೋದರೆ ಹೊಟ್ಟೆಗೆ ಅಂಥ ನಷ್ಟವೇನೂ ಇಲ್ಲ. ಅಗಿಯುವ ಕೆಲಸ ದವಡೆ ಹಲ್ಲುಗಳದು. ಬಾಚಿಹಲ್ಲುಗಳು ಮಾಡುವುದು ಕಚ್ಚಿ ತುಂಡರಿಸುವ ಕೆಲಸ. ರೊಟ್ಟಿಯನ್ನು ಕೈಯಿಂದ ಮುರಿದುಕೊಳ್ಳುವ ನಮ್ಮ ಜನಕ್ಕೆ ಅದೂ ಅನಿವಾರ್ಯವಲ್ಲ. ನಷ್ಟವಾಗುವುದು ಮಾತಿಗೆ ಮತ್ತು ಮುಖಕ್ಕೆ. ತ, ದ, ನ ಇವನ್ನು ವ್ಯಾಕರಣಕಾರರು ದಂತ್ಯಗಳೆಂದು ಕರೆದದ್ದು ಸುಮ್ಮನೆ ಅಲ್ಲ. ನಾಲಗೆಯ ತುದಿಗೆ ತಾಗಲು ಹಲ್ಲೇ ಇಲ್ಲದಿದ್ದಾಗ ಆ ಅಕ್ಷರಗಳು ಜಾರಿಹೋಗುತ್ತವೆ, ಸಕಾರ ಸೀಟಿಯಾಗುತ್ತದೆ. ಧ್ವನಿಮುದ್ರಣದ ಕೋಣೆಯಲ್ಲಿ ಕುಳಿತವರಿಗೆ ಇದು ಚೆನ್ನಾಗಿ ಗೊತ್ತು. ಇನ್ನು ಕ್ಯಾಮೆರಾ ಹತ್ತಿರ ಬಂದಾಗ ಎಂಥ ಮಾತುಗಾರನ ಕೈಯೂ ತಾನಾಗಿಯೇ ಬಾಯಿಗೆ ಅಡ್ಡ ಬರುತ್ತದೆ.

ಚಡಚಣದಲ್ಲಿ ಈ ವಿಷಯಕ್ಕೆ ಇನ್ನೊಂದು ಮುಖವಿದೆ. ಹಿಂದೆ ಇಂಡಿ ತಾಲ್ಲೂಕಿಗೆ ಸೇರಿದ್ದು ಈಗ ತಾನೇ ತಾಲ್ಲೂಕು ಕೇಂದ್ರವಾಗಿರುವ ಈ ಗಡಿ ಊರು ಬಟ್ಟೆ ವ್ಯಾಪಾರಕ್ಕೆ ಹೆಸರಾದದ್ದು. ಭೀಮೆಯ ಆಚೆಯ ಮರಾಠಿ ಸೀಮೆಯಿಂದಲೂ ಈಚೆಯ ಹಳ್ಳಿಗಳಿಂದಲೂ ಲಗ್ನದ ಬಟ್ಟೆ ಕೊಳ್ಳಲು ಜನ ಇಲ್ಲಿಗೆ ಬರುತ್ತಾರೆ. ಸಿಂಪಿ ಲಿಂಗಣ್ಣನವರ ಈ ಊರಿನಲ್ಲಿ ಜಾನಪದ ಹಾಡುಗಾರರ ಚಿತ್ರೀಕರಣಕ್ಕೆಂದು ಹೋಗಿದ್ದಾಗ ಒಬ್ಬ ಹಿರಿಯರು ಹಾಡಲು ಒಪ್ಪಿದರು, ಆದರೆ ದೀಪ ಹಚ್ಚಿದೊಡನೆ ತುಟಿ ಬಿಗಿದುಕೊಂಡರು. ಮುಂದಿನ ಎರಡು ಹಲ್ಲು ಇರಲಿಲ್ಲ. “ಮಗಳ ಲಗ್ನದಾಗ ಸಂತ್ಯಾಗ ಕಟ್ಟಿಸಿದ್ದೆರಿ ಸಾಹೇಬ್ರ. ಲಗ್ನ ಮುಗಿಯೂತನಕ ನಿಂತಿತ್ತು. ಆಮ್ಯಾಲೆ ಬಾಜೂದ ಹಲ್ಲೂ ಕರಕೊಂಡು ಹೋತು” ಎಂದರು. ನಗೆಯಾಡಿಯೇ ಹೇಳಿದರು. ಆದರೆ ಆ ಒಂದು ಮಾತಿನಲ್ಲಿ ತಾತ್ಕಾಲಿಕ ಹಲ್ಲಿನ ಇಡೀ ಚರಿತ್ರೆ ಅಡಗಿದೆ ಎನ್ನಬೇಕು.

ಹಲ್ಲಿಲ್ಲದವರ ಕಥೆ ನಮ್ಮಲ್ಲಿ ದೇವತೆಗಳಿಂದಲೇ ಆರಂಭವಾಗುತ್ತದೆ. ದಕ್ಷನು ಶಿವನನ್ನು ನಿಂದಿಸಿದಾಗ ಹಲ್ಲು ಕಿರಿದು ನಕ್ಕವನು ಪೂಷ. ಯಜ್ಞ ಕೆಡಿಸಲು ಬಂದವರು ಅವನ ಹಲ್ಲನ್ನೇ ಉದುರಿಸಿದರೆಂದೂ, ಅಂದಿನಿಂದ ಅವನಿಗೆ ಹಿಟ್ಟಿನ ಹವಿಸ್ಸೇ ಗತಿಯಾಯಿತೆಂದೂ ಪುರಾಣ. ವೀರಭದ್ರನ ಗುಡಿಗಳು ಊರೂರಿಗೆ ಇರುವ ನಮ್ಮ ಸೀಮೆಯಲ್ಲಿ ಈ ಕಥೆ ಹಳೆಯದು. ಗಮನಿಸಬೇಕಾದ್ದೆಂದರೆ, ದೇವತೆಗೂ ಯಾರೂ ಹಲ್ಲು ಕಟ್ಟಿಕೊಡಲಿಲ್ಲ; ಊಟವನ್ನೇ ಬದಲಾಯಿಸಿದರು. ನಮ್ಮ ಮನೆಗಳೂ ಮಾಡಿದ್ದು ಅದನ್ನೇ. ಬೊಚ್ಚು ಬಾಯಿಯ ಅಜ್ಜನಿಗೆ ನುಚ್ಚು, ಅಂಬಲಿ, ಹಾಲಿನಲ್ಲಿ ನೆನೆಸಿದ ರೊಟ್ಟಿ, ಇಲ್ಲವೆ ಬಿಸಿ ರೊಟ್ಟಿಯನ್ನು ಕುಟ್ಟಿ ಮಾಡಿದ ಮುಟಗಿ. ಸುಶ್ರುತ ಸಂಹಿತೆಯ ಶಸ್ತ್ರಗಳ ಪಟ್ಟಿಯಲ್ಲಿ ದಂತಶಂಕು ಎಂಬುದೊಂದಿದೆ, ಅದು ಹಲ್ಲಿನ ಕಿಟ್ಟ ಕೆರೆಯುವ ಸಾಧನ. ಇದ್ದ ಹಲ್ಲಿನ ಆರೈಕೆಗೆ ನಮ್ಮಲ್ಲಿ ಬೇವಿನ ಕಡ್ಡಿಯಿಂದ ಹಿಡಿದು ಬಹಳ ಸಾಮಗ್ರಿ ಇತ್ತು.

ಹೋದ ಹಲ್ಲನ್ನು ಮತ್ತೆ ತೋರಿಸುವ ಹಂಬಲ ಬೇರೆ ಕಡೆ ಬಹಳ ಹಿಂದೆಯೇ ಕಾಣಿಸುತ್ತದೆ. ಇಟಲಿಯ ಎಟ್ರುಸ್ಕನ್ನರು ಕ್ರಿ.ಪೂ. 7ನೆಯ ಶತಮಾನದಷ್ಟು ಹಿಂದೆ ಚಿನ್ನದ ಪಟ್ಟಿಯಿಂದ ಬದಲಿ ಹಲ್ಲನ್ನು ಪಕ್ಕದ ಹಲ್ಲುಗಳಿಗೆ ಬಿಗಿಯುತ್ತಿದ್ದರು. ಅವೆಲ್ಲ ಮುಂದಿನ ಹಲ್ಲುಗಳೇ, ಹೆಚ್ಚಾಗಿ ಹೆಂಗಸರವು. ಅಗಿಯುವುದಕ್ಕಿಂತ ತೋರಿಸುವುದಕ್ಕೆ ಮಾಡಿದವು. 1728ರಲ್ಲಿ ಗ್ರಂಥ ಪ್ರಕಟಿಸಿದ ಫ್ರಾನ್ಸಿನ ಪಿಯರ್ ಫೋಶಾರ್ ಕೂಡ ಬದಲಿ ಹಲ್ಲನ್ನು ದಾರದಿಂದ, ತಂತಿಯಿಂದ ಕಟ್ಟುವ ಕ್ರಮವನ್ನು ವಿವರಿಸಿದ್ದಾನೆ. ಹಲ್ಲು ‘ಕಟ್ಟಿಸುವುದು’ ಎಂದು ನಾವು ಇಂದಿಗೂ ಹೇಳುತ್ತೇವಲ್ಲ, ಅದು ಅಕ್ಷರಶಃ ಕಟ್ಟುವ ಕೆಲಸವೇ ಆಗಿತ್ತು. ಅಮೆರಿಕದ ಜಾರ್ಜ್ ವಾಷಿಂಗ್ಟನ್ 1789ರಲ್ಲಿ ಅಧ್ಯಕ್ಷನಾಗುವಾಗ ಬಾಯಲ್ಲಿ ಉಳಿದದ್ದು ಒಂದೇ ಸ್ವಂತ ಹಲ್ಲು. ಅವನದು ಮರದ ಹಲ್ಲು ಎಂಬುದು ಕಟ್ಟುಕಥೆ. ನೀರಾನೆಯ ದಂತ, ಮನುಷ್ಯರ ಹಲ್ಲು, ಲೋಹ ಇವೆಲ್ಲ ಸೇರಿದ್ದವು. 1815ರ ವಾಟರ್‌ಲೂ ಯುದ್ಧದ ನಂತರ ಸತ್ತ ಸೈನಿಕರ ಹಲ್ಲುಗಳು ಮಾರಾಟಕ್ಕೆ ಬಂದವು. ಕೊಂಡವರು ಅವುಗಳಿಂದ ಹೇಗೆ ನಕ್ಕರೋ ತಿಳಿಯದು.

ಬಡವರ ಬಾಯಿಗೆ ಕಟ್ಟು ಹಲ್ಲು ಬಂದದ್ದು ರಬ್ಬರಿನಿಂದ. ಗಂಧಕ ಸೇರಿಸಿ ಬೇಯಿಸಿದ ಗಟ್ಟಿ ರಬ್ಬರಿಗೆ ನೆಲ್ಸನ್ ಗುಡ್‌ಇಯರ್ 1851ರಲ್ಲಿ ಪೇಟೆಂಟ್ ಪಡೆದನು. ವಸಡಿನ ಅಚ್ಚಿಗೆ ಸರಿಯಾಗಿ ಕೂಡುವ, ಅಗ್ಗದ ಈ ವಸ್ತು ದಂತವೈದ್ಯರಿಗೆ ವರವಾಯಿತು. ಆದರೆ ಗುಡ್‌ಇಯರ್ ಡೆಂಟಲ್ ವಲ್ಕನೈಟ್ ಕಂಪನಿ ಪ್ರತಿಯೊಬ್ಬ ದಂತವೈದ್ಯನಿಂದಲೂ ಪರವಾನಗಿ ಶುಲ್ಕ ಕೇಳಿತು, ಕೊಡದವರ ಮೇಲೆ ದಾವೆ ಹೂಡಿತು. ಕಂಪನಿಯ ಖಜಾಂಚಿ ಜೋಸಾಯ ಬೇಕನ್ ಊರಿಂದೂರಿಗೆ ಈ ದಾವೆಗಳನ್ನು ಬೆನ್ನಟ್ಟಿದವನು. ಸ್ಯಾಮ್ಯುಯಲ್ ಚಾಲ್ಫಂಟ್ ಎಂಬ ದಂತವೈದ್ಯ 1879ರ ಏಪ್ರಿಲಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅವನನ್ನು ಗುಂಡಿಕ್ಕಿ ಕೊಂದ. ಎರಡು ವರ್ಷದಲ್ಲಿ ಪೇಟೆಂಟಿನ ಅವಧಿ ಮುಗಿಯಿತು, ಕಂಪನಿಯ ಹಿಡಿತವೂ ತಪ್ಪಿತು. ಹಲ್ಲಿನ ಬೆಲೆಗಾಗಿ ಪ್ರಾಣ ಹೋದದ್ದು ಹೀಗೆ.

ರಬ್ಬರಿನ ಜಾಗಕ್ಕೆ 1930ರ ದಶಕದ ಕೊನೆಯಲ್ಲಿ ಅಕ್ರಿಲಿಕ್ ಬಂತು. ಪುಡಿ ಮತ್ತು ದ್ರವವನ್ನು ಕಲಸಿದರೆ ಕಣಕದಂತೆ ಆಗುತ್ತದೆ. ದ್ರವದ ಸಣ್ಣ ಅಣುಗಳು ಒಂದಕ್ಕೊಂದು ಕೊಂಡಿಯಾಗಿ ಉದ್ದ ಸರಪಳಿಗಳಾಗುತ್ತವೆ, ಕಣಕ ಕಲ್ಲಾಗುತ್ತದೆ. ಪ್ರಯೋಗಶಾಲೆಯಲ್ಲಿ ಇದನ್ನು ಅಚ್ಚಿನಲ್ಲಿಟ್ಟು ಬಿಸಿನೀರಿನಲ್ಲಿ ನಿಧಾನವಾಗಿ ಬೇಯಿಸುತ್ತಾರೆ. ಕಾಯಿಸದೆಯೇ ಗಟ್ಟಿಯಾಗುವ ಇನ್ನೊಂದು ಬಗೆಯನ್ನು ಎರಡನೆಯ ಮಹಾಯುದ್ಧದ ಕಾಲದಲ್ಲಿ ಜರ್ಮನಿಯಲ್ಲಿ ರೂಪಿಸಿದರು. ಈ ಎರಡನೆಯದೇ ನಮ್ಮ ಸಂತೆ ಜಾತ್ರೆಗಳನ್ನು ತಲುಪಿದ್ದು. ಬೆಂಕಿ ಬೇಡ, ಯಂತ್ರ ಬೇಡ. ಚಾಪೆ ಹಾಸಿ, ಕನ್ನಡಿ ನಿಲ್ಲಿಸಿ, ಹಲ್ಲುಗಳ ಪೆಟ್ಟಿಗೆ ತೆರೆದರೆ ಅಂಗಡಿ ಸಿದ್ಧ. ಗಿರಾಕಿ ಎದ್ದು ಹೋಗುವಷ್ಟರಲ್ಲಿ ಹಲ್ಲು ಗಟ್ಟಿ.

ಇವರನ್ನು ಸುಮ್ಮನೆ ವಂಚಕರೆನ್ನುವುದು ನನಗೆ ಒಪ್ಪಿಗೆಯಿಲ್ಲ. ಕಲ್ಕತ್ತಾದಲ್ಲಿ ಡಾ. ಆರ್. ಅಹ್ಮದ್ ದೇಶದ ಮೊದಲ ದಂತವೈದ್ಯ ಕಾಲೇಜನ್ನು ತೆರೆದದ್ದು 1920ರಲ್ಲಿ. ಬೆಂಗಳೂರಿನ ಸರ್ಕಾರಿ ದಂತವೈದ್ಯ ಕಾಲೇಜು 1958ರದು, ಮಣಿಪಾಲದ್ದು 1965ರದು. ಅದಕ್ಕೂ ಮುಂಚೆ ಜನಕ್ಕೆ ಹಲ್ಲು ಕೀಳುತ್ತಿದ್ದವರು, ಕಟ್ಟುತ್ತಿದ್ದವರು ಮನೆತನದಿಂದ ಕಲಿತವರೇ. ಅವರಲ್ಲಿ ಚೀನಾದ ಹುಬೇ ಪ್ರಾಂತದಿಂದ ಬಂದು ಭಾರತದ ಪಟ್ಟಣಗಳಲ್ಲಿ ನೆಲೆಸಿದ ಕುಟುಂಬಗಳೂ ಸೇರಿವೆ. 1948ರ ದಂತವೈದ್ಯರ ಕಾಯ್ದೆ ಈ ವಾಸ್ತವವನ್ನು ಒಪ್ಪಿಕೊಂಡೇ ‘ಎ’ ಭಾಗದಲ್ಲಿ ಪದವೀಧರರನ್ನೂ, ‘ಬಿ’ ಭಾಗದಲ್ಲಿ ಪದವಿಯಿಲ್ಲದೆ ಐದು ವರ್ಷ ಇದೇ ವೃತ್ತಿಯಿಂದ ಜೀವನ ಸಾಗಿಸಿದ್ದವರನ್ನೂ ನೋಂದಾಯಿಸಿತು. ಆ ತಲೆಮಾರು ಮುಗಿಯಿತು. ನೋಂದಣಿಯಿಲ್ಲದ ಚಾಪೆ ಮಾತ್ರ ಉಳಿಯಿತು.

ಅಪಾಯವಿರುವುದು ಆ ಹಲ್ಲು ಕದಲದಿರುವುದರಲ್ಲಿ. ಚಡಚಣದ ಹಿರಿಯರ ಬಾಯಲ್ಲಿ ಆದದ್ದು ಇದೇ. ಕಲಸಿದ ಅಕ್ರಿಲಿಕ್ಕನ್ನು ನೇರವಾಗಿ ವಸಡಿನ ಮೇಲೆ, ಪಕ್ಕದ ಹಲ್ಲುಗಳ ಸುತ್ತ ಮೆತ್ತಿ, ಒಳಗೆ ತಂತಿ ಕೂಡಿಸುತ್ತಾರೆ. ಗಟ್ಟಿಯಾಗುವಾಗ ಹುಟ್ಟುವ ಬಿಸಿ ವಸಡನ್ನು ಸುಡುತ್ತದೆ, ಕೂಡದೆ ಉಳಿದ ದ್ರವ ಕೆರಳಿಸುತ್ತದೆ. ಅಡಿಗೆ ಸಿಕ್ಕ ಅನ್ನದ ಅಗುಳು ಕೊಳೆಯುತ್ತದೆ. ಕಡ್ಡಿಯೂ ಹೋಗದು, ಬ್ರಷ್ಷೂ ಹೋಗದು. ಕೆಲವೇ ತಿಂಗಳಲ್ಲಿ ವಸಡು ಊದಿ, ಆಸರೆಯಾಗಿದ್ದ ಒಳ್ಳೆಯ ಹಲ್ಲುಗಳೇ ಅಲುಗಾಡತೊಡಗುತ್ತವೆ. ಒಂದು ಹಲ್ಲಿನ ಕಿಂಡಿ ಮೂರು ಹಲ್ಲಿನದಾಗುತ್ತದೆ.

ದಂತವೈದ್ಯರು ಕೊಡುವ ತಾತ್ಕಾಲಿಕ ಹಲ್ಲೂ ಅದೇ ಅಕ್ರಿಲಿಕ್ಕಿನದು ಎಂಬುದು ಇಲ್ಲಿಯ ಸ್ವಾರಸ್ಯ. ವ್ಯತ್ಯಾಸವೆಂದರೆ ಅದನ್ನು ಬಾಯಿಯ ಹೊರಗೆ ಅಚ್ಚಿನ ಮೇಲೆ ಮಾಡಿರುತ್ತಾರೆ, ರಾತ್ರಿ ತೆಗೆದು ತೊಳೆದು ನೀರಿನಲ್ಲಿಡಬಹುದು. ಅಂಗುಳಕ್ಕೆ ಒರಗುವ ತೆಳು ತಟ್ಟೆ, ಅದರ ಅಂಚಿಗೆ ಒಂದೋ ಎರಡೋ ಹಲ್ಲು. ಮೊದಲ ವಾರ ಮಾತು ತೊದಲುತ್ತದೆ. ಗಟ್ಟಿಯಾಗಿ ಓದುತ್ತ ಹೋದರೆ ನಾಲಗೆ ದಾರಿ ಕಂಡುಕೊಳ್ಳುತ್ತದೆ. ಇನ್ನೊಂದು ದಾರಿ ತೆರೆದದ್ದು ಮೈಕೆಲ್ ಬುವೊನೊಕೋರ್ 1955ರಲ್ಲಿ. ಹಲ್ಲಿನ ಹೊರಕವಚಕ್ಕೆ ಫಾಸ್ಫಾರಿಕ್ ಆಮ್ಲ ಹಚ್ಚಿ ತೊಳೆದರೆ ಕಣ್ಣಿಗೆ ಕಾಣದ ಕುಳಿಗಳಾಗಿ ರಾಳ ಅದರಲ್ಲಿ ಬೇರೂರುತ್ತದೆಂದು ಅವರು ತೋರಿಸಿದರು. ಅದರ ಬಲದಿಂದಲೇ 1973ರಲ್ಲಿ ಫ್ರಾನ್ಸಿನ ರೋಶೆಟ್, ನಂತರ 1980ರ ದಶಕದ ಆರಂಭದಲ್ಲಿ ಅಮೆರಿಕದ ಮೇರಿಲ್ಯಾಂಡಿನವರು, ಪಕ್ಕದ ಹಲ್ಲನ್ನು ಹೆಚ್ಚು ಕೊರೆಯದೆ ಹಿಂದಿನಿಂದ ಅಂಟಿಸುವ ಸೇತುವೆಯನ್ನು ಮಾಡಿದರು. ಬೆಳೆಯುತ್ತಿರುವ ಹುಡುಗರಿಗೆ ಇಂಥ ತಾತ್ಕಾಲಿಕ ಉಪಾಯವೇ ಸರಿ. ದವಡೆಯ ಬೆಳವಣಿಗೆ ನಿಲ್ಲುವವರೆಗೆ ಎಲುಬಿನಲ್ಲಿ ತಿರುಪು ಕೂಡಿಸುವಂತಿಲ್ಲ, ಹಾಗೆಂದು ಕಿಂಡಿಯನ್ನು ಖಾಲಿ ಬಿಟ್ಟರೆ ಅಕ್ಕಪಕ್ಕದ ಹಲ್ಲುಗಳು ಅದರೊಳಗೆ ವಾಲುತ್ತವೆ.

ಕಬಡ್ಡಿ ಅಂಗಳದಲ್ಲೋ ಬೈಕಿನಿಂದಲೋ ಬಿದ್ದು ಮುಂದಿನ ಹಲ್ಲು ಬೇರುಸಹಿತ ಕಳಚಿದರೆ ಅಗ್ಗದ ಉಪಾಯ ಇನ್ನೊಂದಿದೆ. ಹಾಲುಹಲ್ಲನ್ನು ಸಗಣಿಯಲ್ಲಿಟ್ಟು ಮಾಳಿಗೆಯ ಮೇಲೆ ಎಸೆಯುವ ರೂಢಿ ನಮ್ಮದು. ಅದು ಹಾಲುಹಲ್ಲಿಗಷ್ಟೇ ಸಾಕು. ಬಿದ್ದದ್ದು ಶಾಶ್ವತ ಹಲ್ಲಾದರೆ ಬೇರನ್ನು ಮುಟ್ಟದೆ ಮೇಲ್ಭಾಗವನ್ನು ಹಿಡಿದು, ಮಣ್ಣಿದ್ದರೆ ಕ್ಷಣಕಾಲ ತೊಳೆದು, ಅದರ ಗೂಡಿನಲ್ಲೇ ಕೂಡಿಸಬೇಕು. ಆಗದಿದ್ದರೆ ಹಾಲಿನಲ್ಲಿ ಹಾಕಿಟ್ಟು ತಾಸಿನೊಳಗೆ ದಂತವೈದ್ಯರ ಬಳಿ ಒಯ್ಯಬೇಕು. ಚಡಚಣದಿಂದ ವಿಜಯಪುರಕ್ಕೆ ಬಸ್ಸು ತಾಸಿಗಿಂತ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೆ. ಆದ್ದರಿಂದ ಮೊದಲು ಹಾಲಿನ ಲೋಟ, ಆಮೇಲೆ ಬಸ್ ನಿಲ್ದಾಣ.