ಬಗರ್ ಹುಕುಂ

(ನಾಮಪದ, ಆಡುಮಾತಿನಲ್ಲಿ ‘ಬಗರುಕುಂ’) ಸರ್ಕಾರದ ಅಪ್ಪಣೆಯಿಲ್ಲದೆ ಸರ್ಕಾರಿ ಜಮೀನಿನಲ್ಲಿ ಮಾಡುವ ಸಾಗುವಳಿ, ಆ ಜಮೀನು.

ಪಾರಸಿಯ ‘ಬಗೈರ್’ ಎಂದರೆ ಇಲ್ಲದೆ; ಅರಬ್ಬಿಯ ‘ಹುಕ್ಮ್’ ಎಂದರೆ ಅಪ್ಪಣೆ. ತಹಸೀಲ್ದಾರ, ಜಮಾಬಂದಿ, ಖರಾಬು ಇವುಗಳಂತೆ ಇದೂ ಕಂದಾಯ ಕಚೇರಿಯಿಂದ ಊರಿಗಿಳಿದ ಮಾತು. ಮಳವಳ್ಳಿ, ಮದ್ದೂರು ಕಡೆ ಹಕಾರ ಉದುರಿ, “ನಮ್ದು ಬಗರುಕುಂ ಕಣಣ್ಣ, ಇನ್ನೂ ಪಾಣಿ ಬಂದಿಲ್ಲ” ಎನ್ನುತ್ತಾರೆ. ಪಾಣಿ ಎಂದರೆ ಪಹಣಿ.

ಇದರ ಜೋಡಿಪದ ‘ಸಕ್ರಮ’, ಅಂದರೆ ಇಂಥ ಸಾಗುವಳಿಯನ್ನು ಕಾನೂನುಬದ್ಧಗೊಳಿಸುವುದು. 1964ರ ಕರ್ನಾಟಕ ಭೂಕಂದಾಯ ಕಾಯ್ದೆಗೆ ತಿದ್ದುಪಡಿ ತಂದು, ನಮೂನೆ 50, 53, ಕೊನೆಗೆ 2018ರಲ್ಲಿ ನಮೂನೆ 57ರಡಿ ಅರ್ಜಿ ಪಡೆಯಲಾಯಿತು. ಅರ್ಜಿ ಹಾಕಿದ ಮಾತ್ರಕ್ಕೆ ಜಮೀನು ಸಿಗದು. ಪೂರ್ವಾಪರ ವಿಚಾರಣೆ ನಡೆಯುತ್ತದೆ. ನಮೂನೆ 57ಕ್ಕೆ 2005ರ ಜನವರಿ 1ಕ್ಕೂ ಮೊದಲಿನ ಸಾಗುವಳಿ ಇರಬೇಕು. ಸ್ವಂತದ್ದೂ ಸೇರಿ 4 ಎಕರೆ 38 ಗುಂಟೆ ಮೀರಬಾರದು. ಈಚೆಗೆ ಉಪಗ್ರಹ ಚಿತ್ರವೂ ಸಾಕ್ಷಿ ಹೇಳುತ್ತಿದೆ. ಅರ್ಜಿ ಪರಿಶೀಲಿಸುವ ಸಮಿತಿ ಒಪ್ಪಿದರೆ ಮಂಜೂರಾತಿಯ ಸಾಗುವಳಿ ಚೀಟಿ.

ದಾಖಲೆಯಿಲ್ಲದ ವಲಸಿಗರಿಗೂ ಇಂಥದೇ ಜರಡಿ. ಅಮೆರಿಕದ 1986ರ ವಲಸೆ ಕಾಯ್ದೆಯ ಮುಖ್ಯ ಸಕ್ರಮ ಯೋಜನೆ 1982ರ ಜನವರಿ 1ಕ್ಕೂ ಮೊದಲಿಂದ ಅಲ್ಲೇ ನೆಲೆಸಿದ್ದವರಿಗೆ ಅವಕಾಶ ಕೊಟ್ಟಿತು. ಒಂದು ಘೋರ ಅಪರಾಧ ಅಥವಾ ಮೂರು ಸಣ್ಣ ಅಪರಾಧ ಸಾಬೀತಾಗಿದ್ದವರನ್ನು ಹೊರಗಿಟ್ಟಿತು. ನಮ್ಮಲ್ಲಿ ಜಮೀನಿನ ಚರಿತ್ರೆ ಕೆದಕುತ್ತಾರೆ, ಅಲ್ಲಿ ಮನುಷ್ಯನದು.

ಬಳಕೆಯಲ್ಲಿ ಒಂದು ಎಚ್ಚರ: ‘ಒತ್ತುವರಿ’ಯಲ್ಲಿ ದೂರಿನ ದನಿಯಿದೆ, ‘ಬಗರ್ ಹುಕುಂ’ ಎನ್ನುವವನು ಉಳುಮೆಯ ಹಕ್ಕನ್ನೂ ಸೇರಿಸಿ ಹೇಳುತ್ತಾನೆ.